ಕ್ಷಯದ ನಾಲ್ಕೌಷಧಿ ಮಾತ್ರೆ: ಕಣ್ಣಿನ ಕಡೆಯಿಂದ ಒಂದು ವಿಮರ್ಶೆ

ಕ್ಷಯರೋಗದ ಚಿಕಿತ್ಸೆಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ, ನಾಲ್ಕು ಔಷಧಗಳನ್ನು ಒಂದರಲ್ಲೇ ಸೇರಿಸಿದ ಮಾತ್ರೆಯನ್ನೂ ಅದರ ಬೆನ್ನಿಗೆ ಇರಬೇಕಾದ ಕಣ್ಣಿನ ತಪಾಸಣೆಯನ್ನೂ ಒಟ್ಟಿಗೆ ಇಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬೆಲೆ ಕೊಡದೆ ಸಿಗುವ ವಸ್ತುವಿಗೆ ವಿಮರ್ಶೆ ಏಕೆ ಎಂದು ಯಾರಾದರೂ ಕೇಳಬಹುದು. ತಿಂಗಳುಗಟ್ಟಲೆ ದಿನವೂ ನುಂಗಬೇಕಾದ, ನುಂಗುವವರಿಗೆ ಬೇರೆ ಆಯ್ಕೆಯೇ ಇಲ್ಲದ ವಸ್ತುವನ್ನು ಕೊಳ್ಳುವ ವಸ್ತುಗಳಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದು ನನ್ನ ನಿಲುವು. ನಮ್ಮ ಸೋದರಮಾವನಿಗೆ ಶ್ವಾಸಕೋಶದ ಕ್ಷಯವಿದೆ ಎಂದು ಕಫ ಪರೀಕ್ಷೆಯಲ್ಲಿ ಗೊತ್ತಾದ ದಿನದಿಂದ ಚಿಕಿತ್ಸೆ ಮುಗಿಯುವವರೆಗೆ ಮಾತ್ರೆ ತರುವುದು, ಹೊತ್ತಿಗೆ ಸರಿಯಾಗಿ ಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು ಎಲ್ಲವೂ ನನ್ನ ಪಾಲಿಗೆ ಬಂದಿದ್ದವು. ಮಾವ ವೃತ್ತಿಯಿಂದ ದರ್ಜಿ. ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ.

ಮೊದಲು ಮಾತ್ರೆಯ ವಿಚಾರ. ಒಂದೊಂದು ಮಾತ್ರೆಯಲ್ಲಿ ಐಸೋನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400 ಮತ್ತು ಎಥಾಂಬ್ಯುಟಾಲ್ 275 ಮಿಲಿಗ್ರಾಂ ಇರುತ್ತವೆ. ಮೊದಲ ಎರಡು ತಿಂಗಳು ಇದು. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ಔಷಧಗಳ ಮಾತ್ರೆ. ದಿನಕ್ಕೆ ಎಷ್ಟು ಮಾತ್ರೆ ಎಂಬುದನ್ನು ರೋಗಿಯ ತೂಕ ನೋಡಿ ನಿರ್ಧರಿಸುತ್ತಾರೆ: 35ರಿಂದ 49 ಕಿಲೋ ಇದ್ದವರಿಗೆ ಮೂರು, 50ರಿಂದ 64 ಕಿಲೋ ಇದ್ದವರಿಗೆ ನಾಲ್ಕು, ಹೀಗೆ ಮೇಲಕ್ಕೆ ಹೋಗುತ್ತದೆ. ಮಾತ್ರೆಗಳು ದಪ್ಪ, ನಾಲ್ಕನ್ನು ಒಟ್ಟಿಗೆ ನುಂಗುವುದು ವಯಸ್ಸಾದವರಿಗೆ ಸುಲಭವಲ್ಲ, ಬೆಳಗಿನ ಹೊಟ್ಟೆಯಲ್ಲಿ ಒಂದಿಷ್ಟು ಓಕರಿಕೆ ಬರುತ್ತದೆ. ಆದರೂ ಒಂದೊಂದು ಔಷಧವನ್ನು ಬೇರೆ ಬೇರೆಯಾಗಿ ಎಣಿಸಿಕೊಂಡು ನುಂಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ಒಂದು ಔಷಧ ಮರೆತು ಇನ್ನೊಂದನ್ನು ಮಾತ್ರ ತೆಗೆದುಕೊಳ್ಳುವ ಪ್ರಮಾದಕ್ಕೆ, ಅದರಿಂದ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯಕ್ಕೆ ಇಲ್ಲಿ ಎಡೆಯೇ ಇಲ್ಲ. ಮಾವನ ಕೆಮ್ಮು ಕೆಲವೇ ವಾರಗಳಲ್ಲಿ ಇಳಿಯಿತು, ಹಸಿವು ಮರಳಿತು, ಎರಡು ತಿಂಗಳ ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ರೋಗ ಗುಣಪಡಿಸುವ ಕೆಲಸದಲ್ಲಿ ಈ ಮಾತ್ರೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕಣ್ಣಿನ ಮಾತು ಬರುವುದು ನಾಲ್ಕನೆಯ ಔಷಧದಿಂದ. ಎಥಾಂಬ್ಯುಟಾಲ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ 1961ರಲ್ಲಿ ಹೊರಬಂದ ಔಷಧ. ಅದು ಕಣ್ಣಿಗೆ ತೊಂದರೆ ಮಾಡಬಲ್ಲದು ಎಂಬ ವರದಿ ನೇತ್ರವೈದ್ಯರಿಂದ ಮರುವರ್ಷವೇ ಬಂದಿತ್ತು. ಎಂದರೆ ಈ ದೋಷ ಹೊಸದಾಗಿ ಪತ್ತೆಯಾದದ್ದಲ್ಲ, ಔಷಧದಷ್ಟೇ ಹಳೆಯದು. ಕಣ್ಣಿನಿಂದ ಮಿದುಳಿಗೆ ನೋಟವನ್ನು ಒಯ್ಯುವ ದೃಷ್ಟಿನರಕ್ಕೆ ಇದು ಪೆಟ್ಟು ಕೊಡುತ್ತದೆ. ಈ ಔಷಧ ತಾಮ್ರ, ಸತುವಿನಂಥ ಲೋಹಗಳನ್ನು ಹಿಡಿದುಕೊಳ್ಳುವುದರಿಂದ ನರಕೋಶಗಳ ಒಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳ ಕೆಲಸ ಕೆಡುತ್ತದೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ತೊಂದರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಟ್ಟಿಗೆ ಬರುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ನೋಟದ ನಡುಭಾಗ ಮಬ್ಬಾಗುತ್ತದೆ, ಬಣ್ಣಗಳು, ಅದರಲ್ಲೂ ಕೆಂಪು ಮತ್ತು ಹಸಿರು, ಕಳೆಗುಂದುತ್ತವೆ. ಇದು ಶುರುವಾಗುವುದು ಹೆಚ್ಚಾಗಿ ಚಿಕಿತ್ಸೆಯ ಎರಡನೆಯ ತಿಂಗಳು ಕಳೆದ ಮೇಲೆ, ಎಂದರೆ ರೋಗಿ ಚೇತರಿಸಿಕೊಂಡು ಮನೆಯವರೆಲ್ಲ ನಿರಾಳವಾಗಿರುವ ಹೊತ್ತಿನಲ್ಲಿ.

ಅಪಾಯದ ಅಳತೆ ಪ್ರಮಾಣಕ್ಕೆ ತಕ್ಕ ಹಾಗೆ ಏರುತ್ತದೆ. ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಹಳೆಯ ಲೆಕ್ಕದ ಪ್ರಕಾರ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15 ಮಿಲಿಗ್ರಾಂ ತೆಗೆದುಕೊಂಡರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ, 25 ಮಿಲಿಗ್ರಾಂ ಆದರೆ ನೂರಕ್ಕೆ ಐದಾರು ಜನರಿಗೆ, 35 ಮಿಲಿಗ್ರಾಂ ದಾಟಿದರೆ ನೂರಕ್ಕೆ ಹದಿನೆಂಟರಷ್ಟು ಜನರಿಗೆ ತೊಂದರೆಯಾಗುತ್ತದೆ. ಈಗ ಮಾತ್ರೆಯ ತೂಕದ ಪಟ್ಟಿಯನ್ನು ಇದರ ಪಕ್ಕದಲ್ಲಿ ಇಡೋಣ. 64 ಕಿಲೋ ಇದ್ದವರು ನಾಲ್ಕು ಮಾತ್ರೆ ನುಂಗಿದರೆ ಅವರಿಗೆ ಸಿಗುವ ಎಥಾಂಬ್ಯುಟಾಲ್ 1100 ಮಿಲಿಗ್ರಾಂ, ಎಂದರೆ ಕಿಲೋಗೆ 17 ಮಿಲಿಗ್ರಾಂಗಿಂತ ತುಸು ಹೆಚ್ಚು. ಅದೇ ನಾಲ್ಕು ಮಾತ್ರೆ 50 ಕಿಲೋ ಇದ್ದವರಿಗೆ ಕಿಲೋಗೆ 22 ಮಿಲಿಗ್ರಾಂ ಆಗುತ್ತದೆ. 35 ಕಿಲೋ ಇದ್ದವರು ಮೂರು ನುಂಗಿದರೆ 23 ದಾಟುತ್ತದೆ. ಇವೆಲ್ಲವೂ ತೂಕದ ಪಟ್ಟಿಯ ಪ್ರಕಾರವೇ ಇವೆ, ತಪ್ಪೆನ್ನುವಂತಿಲ್ಲ. ಆದರೆ ಪ್ರತಿ ತೂಕದ ವರ್ಗದಲ್ಲಿಯೂ ಕೆಳತುದಿಯಲ್ಲಿ ನಿಂತವರು ಮೇಲ್ತುದಿಯವರಿಗಿಂತ ಹೆಚ್ಚು ಪ್ರಮಾಣ ಪಡೆಯುತ್ತಾರೆ, ಮತ್ತು ಕ್ಷಯರೋಗಿಗಳಲ್ಲಿ ಬಡಕಲಾದವರೇ ಹೆಚ್ಚು. ಮಾವನ ತೂಕ ಐವತ್ತರ ಗೆರೆಯನ್ನು ಆಗಷ್ಟೇ ದಾಟಿತ್ತು.

ಇದರ ಜೊತೆಗೆ ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಮೊದಲು ವಾರಕ್ಕೆ ಮೂರು ದಿನ ಮಾತ್ರೆ ಕೊಡುತ್ತಿದ್ದರು, ಹೊಸ ರೋಗಿಗಳಿಗೆ ಎಥಾಂಬ್ಯುಟಾಲ್ ಎರಡು ತಿಂಗಳಿಗೆ ನಿಲ್ಲುತ್ತಿತ್ತು. 2017ರಿಂದ ದೇಶದಾದ್ಯಂತ ದಿನವಹಿ ಮಾತ್ರೆ ಬಂತು, ಎಥಾಂಬ್ಯುಟಾಲ್ ಆರೂ ತಿಂಗಳು ಮುಂದುವರಿಯತೊಡಗಿತು. ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣುಗಳು ನಮ್ಮಲ್ಲಿ ಕಡಿಮೆಯಿಲ್ಲದ ಕಾರಣ ರಿಫಾಂಪಿಸಿನ್ ಒಂಟಿಯಾಗಬಾರದು ಎಂಬುದು ಇದರ ಹಿಂದಿನ ತರ್ಕ. ಅದು ಸರಿಯಾದ ತರ್ಕವೇ. ಆದರೆ ಔಷಧದ ದಿನಗಳು ಇಷ್ಟು ಹೆಚ್ಚಿದ ಮೇಲೆ ಕಣ್ಣಿನ ಕಾವಲೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಿತ್ತಲ್ಲವೇ?

ಇನ್ನು ಸೇವೆಯ ವಿಚಾರ. ನಾವು ಮಾತ್ರೆ ಪಡೆದ ಕೇಂದ್ರದ ಹೆಸರು ಇಲ್ಲಿ ಬೇಡ. ಅಲ್ಲಿಯ ಸಿಬ್ಬಂದಿ ಸೌಜನ್ಯದವರು. ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸಿದರು, ಮಾತ್ರೆ ತಪ್ಪಿಸಬಾರದು ಎಂದು ತಿಳಿಹೇಳಿದರು, ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುವಂತೆ ಕಾಗದಪತ್ರ ಮಾಡಿಸಿಕೊಟ್ಟರು. (ಆ ಹಣದ ಒಂದು ಪಾಲು ಮೊಟ್ಟೆ, ಕಾಳಿಗೆ ಹೋಗುವ ಬದಲು ಕಣ್ಣಾಸ್ಪತ್ರೆಗೆ ಓಡಾಡುವ ಬಸ್ ಚಾರ್ಜಿಗೆ ಹೋಯಿತು ಎಂಬುದು ಬೇರೆ ಮಾತು.) ಮೊದಲ ದಿನವೇ ಎಲ್ಲರೂ ಹೇಳಿದ ಒಂದು ವಿಷಯವೆಂದರೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂಬುದು. ಅದು ರಿಫಾಂಪಿಸಿನ್‌ನ ಬಣ್ಣ. ಕಣ್ಣೀರೂ ಬೆವರೂ ಕಿತ್ತಳೆಯಾಗಬಹುದು, ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಲೆನ್ಸಿಗೆ ಹೋಗದ ಕಲೆ ಹತ್ತಬಹುದು, ಅಷ್ಟೇ. ಯಾವ ಅಪಾಯವೂ ಇಲ್ಲದ ಆ ಪರಿಣಾಮವನ್ನು ವೈದ್ಯರಿಂದ ಹಿಡಿದು ಔಷಧ ಕೊಡುವವರವರೆಗೆ ಎಲ್ಲರೂ ಹೇಳಿದರು. ದೃಷ್ಟಿಯನ್ನೇ ಕಳೆಯಬಲ್ಲ ಪರಿಣಾಮವನ್ನು ಯಾರೂ ಹೇಳಲಿಲ್ಲ. ಕೆಂಪು ಮೂತ್ರ ಕಂಡು ಗಾಬರಿಯಾದವರು ಮಾತ್ರೆ ಬಿಟ್ಟುಬಿಡುತ್ತಾರೆ ಎಂಬ ಭಯದಿಂದ ಮೊದಲನೆಯದನ್ನು ಹೇಳುತ್ತಾರೆ. ಕಣ್ಣು ಹೋಗಬಹುದು ಎಂದು ಕೇಳಿದರೆ ಮಾತ್ರೆಯನ್ನೇ ಮುಟ್ಟುವುದಿಲ್ಲ ಎಂಬ ಭಯದಿಂದ ಎರಡನೆಯದನ್ನು ಬಿಡುತ್ತಾರೆ ಎಂದು ನನ್ನ ಊಹೆ. ಎರಡರ ಹಿಂದೆಯೂ ಇರುವುದು ಒಂದೇ ಭಯ, ಆದರೆ ಎರಡನೆಯ ಮೌನದ ಬೆಲೆ ತೆರುವವನು ರೋಗಿ.

ಮೂರನೆಯ ತಿಂಗಳು ಕಳೆಯುವಷ್ಟರಲ್ಲಿ ಮಾವ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯತೊಡಗಿದರು. ಅದು ವಯಸ್ಸಿನ ದೋಷವೆಂದು ಅವರೂ ನಂಬಿದ್ದರು, ನಾವೂ ನಂಬಿದೆವು. ಕನ್ನಡಕದ ಅಂಗಡಿಯಲ್ಲಿ ನಂಬರು ಬದಲಾಗಿದೆ ಎಂದು ಹೊಸ ಗಾಜು ಹಾಕಿಕೊಟ್ಟರು. ಹೊಸ ಕನ್ನಡಕದಲ್ಲಿಯೂ ಮಬ್ಬು ಹೋಗಲಿಲ್ಲ. ಸಕ್ಕರೆ ಏರಿರಬೇಕು ಎಂದು ಇನ್ನೊಬ್ಬರು ಹೇಳಿದರು. ಕೊನೆಗೆ ಗಿರಾಕಿಯೊಬ್ಬರ ಮೆರೂನ್ ಬಣ್ಣದ ರವಿಕೆಗೆ ಕಂದು ದಾರದಲ್ಲಿ ಹೊಲಿಗೆ ಹಾಕಿ, ಅದು ಹೊಂದುತ್ತಿಲ್ಲವೆಂದು ಗಿರಾಕಿ ತೋರಿಸಿದರೂ ಅವರಿಗೆ ವ್ಯತ್ಯಾಸ ಕಾಣದೇ ಹೋದಾಗ, ಇದು ಕನ್ನಡಕದ ಸಮಸ್ಯೆಯಲ್ಲ ಎಂದು ನಮಗೆ ಹೊಳೆಯಿತು.

ನೇತ್ರ ತಜ್ಞರ ಬಳಿ ನಡೆದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ದುಬಾರಿ ಯಂತ್ರದ ಅಗತ್ಯ ಬಿದ್ದದ್ದು ಕೊನೆಯಲ್ಲಿ ಮಾತ್ರ. ಮೊದಲು ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಓದಿಸಿದರು. ಬಳಿಕ ಸಣ್ಣ ತೂತುಗಳಿರುವ ಒಂದು ಕಪ್ಪು ತಟ್ಟೆಯನ್ನು ಕಣ್ಣಿಗೆ ಹಿಡಿಸಿ ಮತ್ತೆ ಓದಿಸಿದರು. ಕನ್ನಡಕದ ನಂಬರಿನ ದೋಷವಾಗಿದ್ದರೆ ಆ ತೂತಿನ ಮೂಲಕ ನೋಟ ಚುರುಕಾಗಬೇಕು, ಮಾವನಿಗೆ ಆಗಲಿಲ್ಲ. ಆಮೇಲೆ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಸ್ತಕ. ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಈ ಪುಸ್ತಕ ಇಂದಿಗೂ ಬಳಕೆಯಲ್ಲಿದೆ, ಚಾಲನಾ ಪರವಾನಗಿಗೋ ರೈಲ್ವೆ ನೌಕರಿಗೋ ಹೋದವರು ನೋಡಿರಬಹುದು. ಮಾವ ಹೆಚ್ಚಿನ ಪುಟಗಳಲ್ಲಿ ಅಂಕಿಯನ್ನೇ ಕಾಣಲಿಲ್ಲ. ಹುಟ್ಟಿನಿಂದ ವರ್ಣಾಂಧತೆ ಇದ್ದವರೂ ಹೀಗೆಯೇ ತಡವರಿಸುತ್ತಾರೆ ಎಂಬ ಕಾರಣಕ್ಕೆ ವೈದ್ಯರು ಮಾತ್ರೆ ಶುರು ಮಾಡುವ ಮುಂಚೆ ತೆಗೆದ ದಾಖಲೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ನಲವತ್ತು ವರ್ಷ ದಾರದ ಬಣ್ಣ ಹೊಂದಿಸಿದ ದರ್ಜಿ ಎಂಬುದೇ ದಾಖಲೆಯ ಬದಲಿಗೆ ಒದಗಿತು. ಎಲ್ಲ ರೋಗಿಗಳಿಗೂ ಅಂಥ ಸಾಕ್ಷಿ ಸಿಗುವುದಿಲ್ಲ.

ಕಣ್ಣಿನೊಳಗೆ ದೀಪ ಹಾಯಿಸಿ ನೋಡಿದಾಗ ದೃಷ್ಟಿನರದ ತುದಿ ಆರೋಗ್ಯವಾಗಿಯೇ ಕಾಣುತ್ತಿತ್ತು. ಈ ರೋಗದ ಮೋಸ ಇರುವುದು ಇಲ್ಲಿಯೇ. ಆರಂಭದಲ್ಲಿ ಕಣ್ಣಿನ ಒಳಭಾಗ ಸಹಜವಾಗಿ ಕಾಣುತ್ತದೆ, ನರ ಬಿಳಿಚಿಕೊಳ್ಳುವುದು ತಿಂಗಳುಗಳು ಕಳೆದ ಮೇಲೆ, ಆಗ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಆದ್ದರಿಂದ ಅವಸರದಲ್ಲಿ ಟಾರ್ಚ್ ಬಿಟ್ಟು ನೋಡಿ ಕಣ್ಣು ಚೆನ್ನಾಗಿದೆ ಎಂದು ಕಳುಹಿಸಿದರೆ ಅದನ್ನು ತಪಾಸಣೆ ಎನ್ನಲಾಗದು. ಕೊನೆಗೆ ದೃಷ್ಟಿಕ್ಷೇತ್ರದ ಯಂತ್ರದಲ್ಲಿ ಎರಡೂ ಕಣ್ಣಿನ ನಟ್ಟನಡುವೆ ಮಸುಕು ಪ್ರದೇಶವಿರುವುದು ದೃಢಪಟ್ಟಿತು. ಇಶಿಹಾರ ಪುಸ್ತಕಕ್ಕೂ ಒಂದು ಮಿತಿಯಿದೆ: ಅದು ಕೆಂಪು–ಹಸಿರಿನ ದೋಷವನ್ನು ಹಿಡಿಯುತ್ತದೆ, ನೀಲಿ–ಹಳದಿಯದನ್ನು ಹಿಡಿಯುವುದಿಲ್ಲ, ಎಥಾಂಬ್ಯುಟಾಲ್‌ನ ತೊಂದರೆ ಕೆಲವರಲ್ಲಿ ನೀಲಿ–ಹಳದಿಯಿಂದಲೂ ಮೊದಲಾಗಬಹುದು. ಆದರೂ ಅಕ್ಷರದ ಪಟ್ಟಿ ಮತ್ತು ಈ ಪುಸ್ತಕ ಎರಡೇ ಇದ್ದರೂ ಬಹಳಷ್ಟು ಜನರ ತೊಂದರೆ ಹೊತ್ತಿಗೆ ಮುಂಚೆ ತಿಳಿಯುತ್ತದೆ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು, ವಿದ್ಯುತ್ ಕೂಡ ಬೇಡ, ಹಗಲಿನ ಬೆಳಕಿದ್ದರೆ ಆಯಿತು.

ಎಥಾಂಬ್ಯುಟಾಲ್ ಅನ್ನು ಕೂಡಲೇ ನಿಲ್ಲಿಸಬೇಕು, ಉಳಿದ ಔಷಧಗಳು ನಿಲ್ಲಬಾರದು ಎಂದು ನೇತ್ರ ತಜ್ಞರು ಚೀಟಿ ಬರೆದರು. ಸಂಯುಕ್ತ ಮಾತ್ರೆಯ ದೊಡ್ಡ ಗುಣವೇ ಇಲ್ಲಿ ದೊಡ್ಡ ದೋಷವಾಗುತ್ತದೆ. ಒಂದು ಮಾತ್ರೆಯಿಂದ ಒಂದು ಔಷಧವನ್ನು ಬೇರ್ಪಡಿಸುವುದು ಸಾಂಬಾರಿನಿಂದ ಉಪ್ಪು ತೆಗೆದಂತೆ. ಬಿಡಿ ಮಾತ್ರೆಗಳೇ ಬೇಕು, ಅವು ನಮ್ಮ ಕೇಂದ್ರದಲ್ಲಿ ಇರಲಿಲ್ಲ, ಜಿಲ್ಲಾ ಮಟ್ಟದಿಂದ ತರಿಸಬೇಕಾಯಿತು. ಆ ನಡುವಿನ ದಿನಗಳಲ್ಲಿ ಕಣ್ಣು ಉಳಿಸುವುದೋ ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವುದೋ ಎಂಬ ಇಕ್ಕಟ್ಟು ನಮ್ಮದಾಯಿತು. ಎದೆರೋಗದ ವೈದ್ಯರ ಸಲಹೆಯಂತೆ ಹೊರಗಿನ ಔಷಧದಂಗಡಿಯಿಂದ ಬಿಡಿ ಮಾತ್ರೆ ಕೊಂಡೆವು. ಉಚಿತ ಚಿಕಿತ್ಸೆಯಲ್ಲಿ ನಾವು ಔಷಧಕ್ಕೆ ಕೈಯಿಂದ ಹಣ ಹಾಕಿದ್ದು ಅದೊಂದೇ ಸಲ. ಸಂಯುಕ್ತ ಮಾತ್ರೆ ಕೊಡುವ ಪ್ರತಿ ಕೇಂದ್ರದಲ್ಲಿಯೂ ಒಬ್ಬಿಬ್ಬರಿಗೆ ಸಾಕಾಗುವಷ್ಟು ಬಿಡಿ ಔಷಧ ಇರಲೇಬೇಕು ಎಂಬುದು ಈ ವಿಮರ್ಶೆಯ ಮುಖ್ಯ ಬೇಡಿಕೆಗಳಲ್ಲಿ ಒಂದು.

ಔಷಧ ನಿಂತ ಮೇಲೆ ಮಾವನ ನೋಟ ತಕ್ಷಣ ಮರಳಲಿಲ್ಲ. ವಾರಗಳು ಕಳೆದಂತೆ ಅಕ್ಷರದ ಪಟ್ಟಿಯಲ್ಲಿ ಒಂದೊಂದು ಸಾಲು ಕೆಳಗಿಳಿದರು, ಬಣ್ಣ ಅದಕ್ಕಿಂತ ನಿಧಾನವಾಗಿ ಬಂತು. ಈಗ ಹೊಲಿಯುತ್ತಾರೆ, ಗಾಢ ಬಣ್ಣಗಳ ನಡುವಿನ ಸೂಕ್ಷ್ಮ ವ್ಯತ್ಯಾಸಕ್ಕೆ ಮಾತ್ರ ಇನ್ನೊಬ್ಬರನ್ನು ಕೇಳುತ್ತಾರೆ. ಇದು ಅದೃಷ್ಟವಂತರ ಫಲಿತಾಂಶ. ಔಷಧ ನಿಲ್ಲಿಸಿದರೂ ಎಲ್ಲರಿಗೂ ದೃಷ್ಟಿ ಮರಳುವುದಿಲ್ಲ, ಮರಳಿದವರಿಗೂ ಪೂರ್ತಿ ಮರಳದಿರಬಹುದು. ತೊಂದರೆ ಎಷ್ಟು ಬೇಗ ತಿಳಿದು ಔಷಧ ನಿಂತಿತು ಎಂಬುದನ್ನು ಬಿಟ್ಟರೆ ನಮ್ಮ ಕೈಯಲ್ಲಿರುವ ಉಪಾಯ ಬೇರೆ ಇಲ್ಲ. ಜೊತೆಗೆ ಕೊಡುವ ಬಿ6 ಜೀವಸತ್ವದ ಮಾತ್ರೆ ಇದಕ್ಕೆ ರಕ್ಷೆ ಎಂದು ಕೆಲವರು ತಿಳಿದಿದ್ದಾರೆ. ಅದನ್ನು ಕೊಡುವುದು ಐಸೋನಿಯಾಜಿಡ್‌ನಿಂದ ಕೈಕಾಲಿನ ನರಗಳಿಗೆ ಆಗಬಹುದಾದ ತೊಂದರೆಗೆ.

ಸೇವೆಯ ಬಗ್ಗೆ ನನಗೆ ಬೇಸರ ತರಿಸುವ ಸಂಗತಿಯೊಂದಿದೆ. ಮಾತ್ರೆ ನುಂಗಿದ್ದಾರೆಯೇ ಎಂದು ತಿಳಿಯಲು ನಾವು ಎಷ್ಟು ಜಾಣ್ಮೆ ಖರ್ಚು ಮಾಡಿದ್ದೇವೆ ಎಂದರೆ, ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಮೊಳೆತ 99ಡಾಟ್ಸ್ ಎಂಬ ವ್ಯವಸ್ಥೆಯಲ್ಲಿ ಮಾತ್ರೆ ಪಟ್ಟಿಯ ಕಾಗದದ ಹೊದಿಕೆ ಒಡೆದು ಮಾತ್ರೆ ತೆಗೆದಾಗ ಹಿಂದೆ ಅಡಗಿದ ದೂರವಾಣಿ ಸಂಖ್ಯೆ ಕಾಣುತ್ತದೆ, ರೋಗಿ ಅದಕ್ಕೆ ಉಚಿತ ಕರೆ ಮಾಡಿದರೆ ಆ ದಿನದ ಮಾತ್ರೆ ನುಂಗಿದ ದಾಖಲೆಯಾಗುತ್ತದೆ. ಸೊಗಸಾದ ಉಪಾಯ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಇದೆ. ದೇಶದ ಕ್ಷಯ ನಿಯಂತ್ರಣದ ಯೋಜನೆ ರೂಪುಗೊಂಡ ಊರು ಇದು. ಇಷ್ಟೆಲ್ಲ ಅನುಭವವಿರುವ ನಾಡಿನಲ್ಲಿ ಅದೇ ಹೊದಿಕೆಯ ಹಿಂಬದಿಯಲ್ಲಿ ನಾಲ್ಕು ಬಣ್ಣದ ಪಟ್ಟಿ ಮತ್ತು ಎರಡು ಸಾಲು ಸಣ್ಣ ಅಕ್ಷರ ಮುದ್ರಿಸಿ, ವಾರಕ್ಕೊಮ್ಮೆ ಒಂದೊಂದು ಕಣ್ಣು ಮುಚ್ಚಿ ಇದನ್ನು ನೋಡಿ, ಮೊದಲಿಗಿಂತ ಮಸುಕಾಗಿ ಕಂಡರೆ ಅದೇ ದಿನ ವೈದ್ಯರ ಬಳಿ ಬನ್ನಿ ಎಂದು ಕನ್ನಡದಲ್ಲಿ ಬರೆಯುವುದು ಕಷ್ಟದ ಕೆಲಸವಲ್ಲ. ಅದು ವೈದ್ಯರ ಪರೀಕ್ಷೆಗೆ ಬದಲಿಯಾಗದು, ಆದರೆ ರೋಗಿಗೆ ಏನನ್ನು ಗಮನಿಸಬೇಕು ಎಂಬುದಾದರೂ ತಿಳಿಯುತ್ತದೆ.

ಬೇರೆ ಪ್ರತಿಜೈವಿಕಗಳೂ ಕಣ್ಣಿನ ವಿಚಾರದಲ್ಲಿ ಪೂರ್ತಿ ನಿರ್ದೋಷಿಗಳಲ್ಲ. ಮೊಡವೆಗೆಂದು ಬಹುಕಾಲ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮಾತ್ರೆಗಳು ಅಪರೂಪಕ್ಕೆ ತಲೆಬುರುಡೆಯೊಳಗಿನ ಒತ್ತಡ ಏರಿಸಿ ದೃಷ್ಟಿನರ ಊದುವಂತೆ ಮಾಡುತ್ತವೆ. ತಲೆನೋವಿನ ಜೊತೆ ನೋಟ ಮಂಜಾದರೆ ತಡಮಾಡಬಾರದು. ಸಲ್ಫಾ ಔಷಧಗಳಿಂದ ಕೆಲವರಿಗೆ ಮೈಯೆಲ್ಲ ಬೊಕ್ಕೆಯೆದ್ದು ಕಣ್ಣಿನ ಮೇಲ್ಪದರವೂ ಸುಟ್ಟಂತಾಗುವ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ ಬರುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಫ್ಲೋರೋಕ್ವಿನೊಲೋನ್ ಗುಂಪಿನ ಔಷಧಗಳಿಂದ ಅಕ್ಷಿಪಟಲ ಕಳಚುತ್ತದೆ ಎಂದು 2012ರಲ್ಲಿ ಬಂದ ಒಂದು ಅಧ್ಯಯನ ಹೇಳಿತ್ತು, ಮರುವರ್ಷದ ಡೆನ್ಮಾರ್ಕಿನ ಅಧ್ಯಯನ ಅಂಥ ಸಂಬಂಧ ಕಾಣಲಿಲ್ಲ. ಆ ಚರ್ಚೆಯನ್ನು ತಜ್ಞರಿಗೆ ಬಿಡುವುದು ಒಳ್ಳೆಯದು. ಸಾಮಾನ್ಯ ನೆಗಡಿ ಜ್ವರಕ್ಕೆ ನಾಲ್ಕೈದು ದಿನ ಮಾತ್ರೆ ತೆಗೆದುಕೊಂಡವರು ಇದನ್ನೆಲ್ಲ ಓದಿ ಕಣ್ಣುಜ್ಜಿಕೊಳ್ಳುತ್ತ ಕೂರುವ ಅಗತ್ಯವಿಲ್ಲ, ನೆಗಡಿಗೆ ಆ ಮಾತ್ರೆಯೇ ಬೇಕಿರಲಿಲ್ಲ ಎಂಬುದನ್ನು ಬಿಟ್ಟರೆ.

ಒಟ್ಟಿನಲ್ಲಿ ಮಾತ್ರೆಗೆ ಐದಕ್ಕೆ ನಾಲ್ಕೂವರೆ, ಅದರ ಬೆನ್ನಿಗಿರಬೇಕಾದ ಕಣ್ಣಿನ ಸೇವೆಗೆ, ನಾವು ಕಂಡಷ್ಟರ ಮಟ್ಟಿಗೆ, ಒಂದೂವರೆ ಅಂಕ ಕೊಡುತ್ತೇನೆ. ಮಾತ್ರೆಯನ್ನು ಹೆದರಿ ಬಿಡಬೇಡಿ. ಚಿಕಿತ್ಸೆ ಪಡೆಯದ ಕ್ಷಯ ಕಣ್ಣಿಗಿಂತ ದೊಡ್ಡದನ್ನೇ ಕಸಿದುಕೊಳ್ಳುತ್ತದೆ. ಆದರೆ ಮೊದಲ ಮಾತ್ರೆ ನುಂಗುವ ಮುಂಚೆ ಎರಡೂ ಕಣ್ಣಿನ ನೋಟವನ್ನೂ ಬಣ್ಣದ ಗುರುತನ್ನೂ ಪರೀಕ್ಷಿಸಿ ಚೀಟಿಯಲ್ಲಿ ಬರೆದುಕೊಡುವಂತೆ ಕೇಳಿ, ಆಮೇಲೆ ತಿಂಗಳಿಗೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಈ ಔಷಧ ದೇಹದಿಂದ ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಮೂಲಕವಾದ್ದರಿಂದ ಮೂತ್ರಪಿಂಡದ ತೊಂದರೆಯಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದವರು ಹೆಚ್ಚು ಎಚ್ಚರವಾಗಿರಬೇಕು. ಅಕ್ಷರ ಓದಲು, ಬಣ್ಣ ಹೇಳಲು ಬಾರದ ಚಿಕ್ಕ ಮಕ್ಕಳ ವಿಷಯದಲ್ಲಿ ಪರೀಕ್ಷೆಯೇ ಕಷ್ಟ. ಆಟದ ಸಾಮಾನು ಎತ್ತಿಕೊಳ್ಳುವಾಗ ತಡಕಾಡುತ್ತಿದ್ದಾರೆಯೇ ಎಂದು ಮನೆಯವರೇ ನೋಡುತ್ತಿರಬೇಕು.

ಔಷಧಕ್ಕೆ ಬಗ್ಗದ ಕ್ಷಯಕ್ಕೆ ಈಗ ಬಂದಿರುವ ಆರು ತಿಂಗಳ ಹೊಸ ಚಿಕಿತ್ಸೆಯಲ್ಲಿ ಎಥಾಂಬ್ಯುಟಾಲ್ ಇಲ್ಲ, ಆದರೆ ಲಿನೆಜೋಲಿಡ್ ಇದೆ. 28 ದಿನಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡರೆ ದೃಷ್ಟಿನರಕ್ಕೆ ತೊಂದರೆಯಾಗಬಹುದು ಎಂಬ ಎಚ್ಚರಿಕೆ ಆ ಔಷಧದ ಮಾಹಿತಿ ಪತ್ರದಲ್ಲಿಯೇ ಇರುವುದರಿಂದ, ಆ ಚಿಕಿತ್ಸೆಯಲ್ಲಿರುವವರಿಗೂ ಇದೇ ತಿಂಗಳ ಪರೀಕ್ಷೆ ಬೇಕು. ಕೇಂದ್ರದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800–11–6666ಕ್ಕೆ ಕರೆ ಮಾಡಿ, ಕಣ್ಣಿನ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಬಿಡಿ ಮಾತ್ರೆ ಎಲ್ಲಿ ಸಿಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಬಹುದು.